ಸರಿ ಗುರುತು

ಸೋಮವಾರ, ಮಾರ್ಚ್ ೩

ಬಾಯಿ ಮುಚ್ಚಿಕೊಂಡು ಇರಬೇಕಂತೆ. ಈ ಮಾತನ್ನು ನನಗೆ ಹೇಳುವ ಧೈರ್ಯ ಇದುವರೆಗೆ ಯಾರಿಗೂ ಇರಲಿಲ್ಲ. ಡಾಕ್ಟರು ಹೇಳಿದರು, ಅದೂ ನಗುನಗುತ್ತಾ. ಸಣ್ಣ ಕ್ಯಾಮೆರಾ ಒಳಗಿಳಿಸಿ, ನನ್ನದೇ ಗಂಟಲನ್ನು ಪರದೆಯ ಮೇಲೆ ನನಗೆ ತೋರಿಸಿದರು. ಕೂಗಿ ಕೂಗಿ ಒಳಗೆ ಗಂಟು ಕಟ್ಟಿದೆ. ಗಂಟಲಿಗೆ ಗಂಟಲು ಅಂತ ಹೆಸರಿಟ್ಟವನು ಇದನ್ನು ನೋಡಿಯೇ ಇಟ್ಟಿರಬೇಕು.

ಒಂದೂವರೆ ತಿಂಗಳು ಮಾತಿಲ್ಲ. ಪಿಸುಮಾತೂ ಕೂಡದು. ಮಾತಾಡಿದರೆ ದನಿ ಪೂರ್ತಿ ಹೋದರೂ ಹೋಯಿತು ಅಂದರು. ಮಾತಿಲ್ಲದೆ ಮೇಸ್ತ್ರಿಗಿರಿ ಹೇಗೆ ಮಾಡುವುದು ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಅದು ನಿಮಗೇ ಗೊತ್ತು ಅಂದರು. ಡಾಕ್ಟರಿಗೇನು, ಒಂದು ದಿನ ಸೈಟಿನಲ್ಲಿ ನಿಂತು ನೋಡಲಿ. ನೆಲಮಹಡಿಯಿಂದ ಒಂದು ಸಲ ಕೂಗಿದರೆ ನಾಲ್ಕನೇ ಮಹಡಿಯಲ್ಲಿ ಬೀಡಿ ಆರುತ್ತದೆ. ನನ್ನ ಮೇಸ್ತ್ರಿಗಿರಿ ನಿಂತಿರುವುದೇ ಅದರ ಮೇಲೆ.

ಸೈಟಿನ ಇಂಜಿನಿಯರಮ್ಮ ಫೋನಿನಲ್ಲಿ ವಿಷಯ ತಿಳಿದು, ಮನೆಯವಳ ಹತ್ತಿರ ಹೇಳಿಕಳಿಸಿದ್ದಾರೆ: “ಹೊಸ ವರ್ಷಕ್ಕೆ ಕೊಟ್ಟ ಟ್ಯಾಬ್‌ನಲ್ಲಿ ಕೆಲಸ ನಡೆಸೋಕೆ ಹೇಳಿ. ಮೇಲಿನ ತಾರಸಿಗೆ ಕಾಂಕ್ರೀಟ್ ಬೀಳೋವರೆಗೆ ನಡೆಸಿದ್ರೆ ಮುಂದಿನ ಕಟ್ಟಡವೂ ಅವರದ್ದೇ. ಆಗಲಿಲ್ಲ ಅಂದ್ರೆ ಕಂಪನಿಯವರು ಆಚೆ ಸೈಟಿನ ಮೇಸ್ತ್ರಿನ ಕರೆಸ್ತಾರೆ. ಅದು ನನ್ನ ಕೈಲಿಲ್ಲ.”

ಆಚೆ ಸೈಟಿನ ಮೇಸ್ತ್ರಿ! ನನ್ನ ಕೈಕೆಳಗೆ ಕರಣೆ ಹಿಡಿಯುವುದನ್ನು ಕಲಿತವನು. ಈಗ ಅವನ ಗಂಟಲು ಚೆನ್ನಾಗಿದೆ.

ಇವಳು ಈ ನೋಟುಪುಸ್ತಕ ತಂದುಕೊಟ್ಟಳು. “ಹೊಟ್ಟೇಲಿರೋದನ್ನೆಲ್ಲ ಇದಕ್ಕೆ ಹೇಳ್ಕೊಳ್ಳಿ. ಇದು ಎದುರು ಮಾತಾಡಲ್ಲ” ಅಂದಳು. ಎದುರು ಮಾತಾಡಿದವರು ಈ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಬೇಕೆನಿಸಿತು. ಕೇಳುವ ಹಾಗಿಲ್ಲವಲ್ಲ.

ಮಂಗಳವಾರ, ಮಾರ್ಚ್ ೪

ಟ್ಯಾಬ್ ಸಿಕ್ಕಿತು. ಸಾಮಾನಿನ ಕೋಣೆಯಲ್ಲಿ ಕುಡಿಯುವ ನೀರಿನ ಬಿಂದಿಗೆಗೆ ಮುಚ್ಚಳವಾಗಿತ್ತು. ಇಂಜಿನಿಯರಮ್ಮ ನೋಡಿ ಏನೂ ಅನ್ನಲಿಲ್ಲ, ತಮ್ಮ ದುಪಟ್ಟಾದಿಂದ ಒರೆಸಿ ಕೊಟ್ಟರು.

ಅದರೊಳಗೆ ನಮ್ಮ ಕಟ್ಟಡದ ನಕ್ಷೆ ಇದೆ, ಮಹಡಿ ಮಹಡಿಯದ್ದೂ. ಒಂದು ಕೋಣೆಯ ಮೇಲೆ ಬೆರಳಿಟ್ಟರೆ ಆ ಕೋಣೆ ದೊಡ್ಡದಾಗುತ್ತದೆ. ಗೋಡೆಯ ಫೋಟೋ ಹೊಡೆದು, ಅದರ ಮೇಲೆ ಗುರುತು ಹಾಕಿ ಕಳಿಸಿದರೆ ಆ ಕೆಲಸದವರ ಫೋನಿನಲ್ಲಿ ಟಿಂಗ್ ಅನ್ನುತ್ತದೆ. ಓದು ಬಾರದವರು ಇದ್ದಾರೆ, ಅವರು ದನಿಯಲ್ಲೇ ಉತ್ತರ ಕಳಿಸಬಹುದು. ನಾನೊಬ್ಬನು ಮಾತ್ರ ಕಳಿಸುವಂತಿಲ್ಲ.

ನನ್ನ ಬೆರಳು ಇದಕ್ಕೆ ಗೊತ್ತೇ ಆಗುವುದಿಲ್ಲ. ಸಿಮೆಂಟಿಗೆ ಸವೆದ ಬೆರಳು, ಒತ್ತಿದಲ್ಲಿ ಒಂದು ಗುರುತೂ ಏಳುವುದಿಲ್ಲ. ಕೊನೆಗೆ ಕಿರುಬೆರಳು ಒಪ್ಪಿತು. ಇಷ್ಟು ವರ್ಷದಲ್ಲಿ ಆ ಬೆರಳು ಮಾಡಿದ ಮೊದಲ ಕೆಲಸ ಇದು.

ಇಡೀ ದಿನ ಸೈಟು ಸಾವಿನ ಮನೆಯ ಹಾಗಿತ್ತು. ಎಲ್ಲರೂ ಗುಸುಗುಸು. ನಾನು ಎದುರಾದರೆ ತಲೆ ಕೆಳಗೆ. ಬೇಜಾರಾಯಿತು.

ಶನಿವಾರ, ಮಾರ್ಚ್ ೮

ಜನರಿಗೆ ರುಚಿ ಹತ್ತಿದೆ. ನನಗಲ್ಲ, ಅವರಿಗೆ. ಮೊದಲೆರಡು ದಿನ “ಆಯ್ತು ಮೇಸ್ತ್ರಿ” ಅನ್ನುವಷ್ಟೇ ದನಿ ಬರುತ್ತಿತ್ತು. ಈಗ ಪುರಾಣವೇ ಬರುತ್ತಿದೆ. ನಡುವೆ ಬಾಯಿ ಹಾಕಲು ನನಗೆ ಬಾಯಿ ಇಲ್ಲ ಎನ್ನುವುದು ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಕಂಬಿ ಕಟ್ಟುವವನು, ಕಂಬಿ ಬಂದಿಳಿದ ಜಾಗ ಸರಿಯಿಲ್ಲ, ಹೊತ್ತು ಹೊತ್ತು ಹೆಗಲು ಹೋಯಿತು, ಇದನ್ನು ಹೋದ ಬೇಸಿಗೆಯಿಂದ ಹೇಳಬೇಕು ಅಂದುಕೊಂಡಿದ್ದೆ ಅಂತ ಉದ್ದಕ್ಕೆ ಹೇಳಿದ್ದಾನೆ. ಹೇಳಬಾರದಿತ್ತೇ, ಯಾರು ಬೇಡ ಅಂದರು?

ಗೋಡೆಗಳಿಗೆ ನೀರು ಹೊಡೆಯುವ ಅಕ್ಕನ ಮಾತಂತೂ ಬರೆದಿಡುವಂಥದ್ದು. “ಮೇಸ್ತ್ರಿ, ನನ್ನ ಕೂಸನ್ನ ಕೆಳಗಿನ ಕೋಣೇಲಿ ಬಟ್ಟೆ ತೊಟ್ಲಲ್ಲಿ ಮಲಗಿಸ್ತೀನಲ್ಲ, ನೀವು ಕೂಗಿದಾಗೆಲ್ಲ ಬೆಚ್ಚಿ ಬೀಳ್ತಿತ್ತು. ಈಗ ಮಧ್ಯಾಹ್ನ ಪೂರ್ತಿ ನಿದ್ದೆ. ನಿಮ್ಮ ಗಂಟಲು ವಾಸಿಯಾಗ್ಲಿ, ದೇವ್ರು ಒಳ್ಳೇದು ಮಾಡ್ಲಿ. ಆದ್ರೆ ನಿಧಾನಕ್ಕೆ ವಾಸಿಯಾಗ್ಲಿ.”

ಹಾರೈಕೆಯೋ ಶಾಪವೋ ತಿಳಿಯದೆ ಮತ್ತೆ ಕೇಳಿದೆ. ಇನ್ನೊಂದು ಸಲವೂ ಕೇಳಿದೆ. ಕಂಬಿ ಇಳಿಸುವ ಜಾಗ ಬದಲಾಯಿಸಿದ್ದೇನೆ.

ಬುಧವಾರ, ಮಾರ್ಚ್ ೧೨

ಇವತ್ತು ಒಂದು ಗೋಡೆ ನೋಡಿದೆ.

ಮೂರನೇ ಮಹಡಿಯ ಮೆಟ್ಟಿಲಿನ ಪಕ್ಕ, ಭಾಮೈದ ಕಟ್ಟಿದ್ದು. ಇವಳ ತಮ್ಮ ನನ್ನ ಸೈಟಿನಲ್ಲೇ ಇಟ್ಟಿಗೆ ಕೆಲಸದ ಗುಂಪಿನ ಯಜಮಾನ. ಆ ಗೋಡೆ ಮೆಟ್ಟಿಲಿನ ಜೊತೆಗೆ ಬಳುಕಿಕೊಂಡು ಏರಬೇಕು, ಕಷ್ಟದ ಕೆಲಸ. ತೂಕದ ಗುಂಡು ಇಳಿಬಿಟ್ಟೆ, ದಾರ ಗೋಡೆಗೆ ತಾಗಿಯೂ ತಾಗದ ಹಾಗೆ ನಿಂತಿತು. ಎಲ್ಲಿಯೂ ಕೊಂಕಿಲ್ಲ. ಬಹಳ ಹೊತ್ತು ನೋಡುತ್ತಾ ನಿಂತುಬಿಟ್ಟೆ. ಕೂಗುತ್ತಾ ಓಡಾಡುವಾಗ ಗೋಡೆ ನೋಡಲು ಇಷ್ಟು ಪುರುಸೊತ್ತು ಎಲ್ಲಿರುತ್ತಿತ್ತು?

ಅವನು ಎದುರಿಗಿದ್ದು ನನಗೆ ದನಿಯಿದ್ದಿದ್ದರೂ ಏನೂ ಹೇಳುತ್ತಿರಲಿಲ್ಲ. ಕೆಲಸ ಮಾಡುವವನನ್ನು ಹೊಗಳಬಾರದು, ಹೊಗಳಿದರೆ ಮರುದಿನ ಕೈ ಸಡಿಲಾಗುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಟ್ಯಾಬಿನಲ್ಲಿ ಸುಮ್ಮನೆ ಒಂದು ಗುರುತು ತಾನೆ? ಸರಿಯಿದ್ದರೆ ಸರಿ ಗುರುತು, ತಪ್ಪಿದ್ದರೆ ತಪ್ಪು ಗುರುತು ಅಂತ ಇಂಜಿನಿಯರಮ್ಮ ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದಾರೆ; ಇದುವರೆಗೆ ನಾನು ಬರೀ ಬಾಣ ಎಳೆದು ಕಳಿಸುತ್ತಿದ್ದೆ. ಗೋಡೆಯ ಫೋಟೋ ಹೊಡೆದು, ಕಿರುಬೆರಳಿನಿಂದ ದೊಡ್ಡದೊಂದು ಸರಿ ಗುರುತು ಎಳೆದು ಕಳಿಸಿಬಿಟ್ಟೆ. ಮನೆಗೆ ಬರುವಾಗ ಹಗುರಾಗಿತ್ತು. ನಾಳೆ ಅವನ ಮುಖ ನೋಡಬೇಕು.

ಗುರುವಾರ, ಮಾರ್ಚ್ ೧೩

ಗೋಡೆ ಇಲ್ಲ.

ನಾನು ಹೋಗುವ ಹೊತ್ತಿಗೆ ಅಲ್ಲಿ ಇಟ್ಟಿಗೆಯ ಗುಡ್ಡೆ ಇತ್ತು. ಭಾಮೈದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ತಾನೇ ಸುತ್ತಿಗೆ ಹಿಡಿದು ಒಡೆದಿದ್ದಾನೆ. ಯಾರ ಕೈಗೂ ಕೊಡಲಿಲ್ಲವಂತೆ. ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿದ್ದೇ ತಡ, “ಭಾವ, ಅದರಲ್ಲೇನು ತಪ್ಪಿತ್ತು? ಬಾಯಿಲ್ಲದಿದ್ರೆ ಕೈ ತೋರಿಸಿ ಹೇಳ್ಬೋದಿತ್ತು. ನನ್ನ ಜನ್ಮದಲ್ಲಿ ಅಂಥ ಗೋಡೆ ಕಟ್ಟಿರಲಿಲ್ಲ” ಅಂತ ಹೇಳಿ, ಕರಣೆ ಎಸೆದು ಹೊರಟೇಹೋದ.

ಇಂಜಿನಿಯರಮ್ಮ ಕೇಳಿದರು, “ಸರಿ ಗುರುತು ಹಾಕಿದ್ರೆ ಯಾಕ್ರೀ ಒಡೆದ್ರು?” ಅವನ ಗುಂಪಿನವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗ ಹೊಳೆಯಿತು.

ನಾನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕುವುದು ಇವತ್ತು ನಿನ್ನೆಯ ಅಭ್ಯಾಸವಲ್ಲ. ಎಲ್ಲಿ ಕೊಂಕಿದೆಯೋ ಅಲ್ಲಿ ಹಾಕುತ್ತೇನೆ. ಸರಿ ಗುರುತು ಅಂದರೆ ‘ಸರಿ ಮಾಡು’. ಒಡೆದು ಸರಿ ಮಾಡು. ಸರಿಯಾಗಿ ಇದ್ದದ್ದಕ್ಕೆ ನಾನು ಗುರುತೇ ಹಾಕಿಲ್ಲ. ಸರಿ ಇದ್ದರೆ ಗುರುತು ಯಾಕೆ ಬೇಕು? ನನ್ನ ಜನಕ್ಕೆ ಗೊತ್ತಿರುವುದು ಅದೊಂದೇ ಅರ್ಥ. ದೊಡ್ಡ ಗುರುತು ಹಾಕಿದ್ದೆನಲ್ಲ, ಬುಡದವರೆಗೆ ಒಡೆದಿದ್ದಾನೆ.

ಜೀವಮಾನದಲ್ಲಿ ಮೊದಲ ಸಲ ಒಬ್ಬನನ್ನು ಹೊಗಳಿದೆ. ಅವನು ಗೋಡೆಯನ್ನೇ ಕೆಡವಿದ.

ತಾರಸಿ ಹಾಕುವ ದಿನ ಹತ್ತಿರ ಬಂತು, ಮೆಟ್ಟಿಲಿನ ಗೋಡೆ ಬಿತ್ತು. ಮೇಲಿನವರ ಕಿವಿಗೆ ಇದು ಬಿದ್ದರೆ ಆಚೆ ಸೈಟಿನ ಮೇಸ್ತ್ರಿ ನಾಳೆಯೇ ಬರುತ್ತಾನೆ. ಅದಕ್ಕಿಂತ ಹೆಚ್ಚಾಗಿ ಆ ಗೋಡೆ ಹೋಯಿತಲ್ಲ ಅನ್ನುವುದೇ ಸಂಕಟ.

ಶುಕ್ರವಾರ, ಮಾರ್ಚ್ ೧೪

ಭಾಮೈದ ಕೆಲಸಕ್ಕೆ ಬಂದಿಲ್ಲ. ಇವಳು ನನಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ.

ಸೋಮವಾರ, ಮಾರ್ಚ್ ೧೭

ನಿನ್ನೆ ಇವಳೇ ನನ್ನನ್ನು ತಮ್ಮನ ಮನೆಗೆ ಹೊರಡಿಸಿದ್ದಳು. ಬರೆದು ತೋರಿಸೋಣವೆಂದರೆ ಅವನು ಓದುವವನಲ್ಲ. ಇವಳು ಹೇಳಲು ಹೊರಟರೆ “ನೀನು ಸುಮ್ನಿರಕ್ಕ, ಗಂಡನ ಕಡೆ ಮಾತಾಡೋಕೆ ಬರ್ಬೇಡ” ಅನ್ನುತ್ತಾನೆ. ಕಾಫಿ ಕುಡಿದು ಬಂದೆವು, ಅಷ್ಟೇ.

ಇವತ್ತು ನಾನೇ ಆ ಗೋಡೆಗೆ ಕೂತೆ. ಎಷ್ಟೋ ಕಾಲವಾಗಿತ್ತು ಇಟ್ಟಿಗೆ ಇಟ್ಟು. ಒಂದು ಸಾಲು ಮುಗಿಯುವುದರಲ್ಲಿ ಬೆನ್ನು ಬುದ್ಧಿ ಹೇಳಿತು. ಯಾರೋ ಸುದ್ದಿ ಮುಟ್ಟಿಸಿರಬೇಕು, ಹತ್ತು ಗಂಟೆ ಸುಮಾರಿಗೆ ಭಾಮೈದ ಬಂದು ಹಿಂದೆ ನಿಂತ. ಸ್ವಲ್ಪ ಹೊತ್ತು ನೋಡಿದ. “ಇದೇನ್ ಭಾವ, ಹಾವು ಹರಿದ ಹಾಗಿದೆ” ಅಂದ. ನಾನು ಕಟ್ಟಿದ್ದನ್ನು ಕಿತ್ತು, ಪಕ್ಕದಲ್ಲಿ ಕೂತು ಮೊದಲಿನಿಂದ ಶುರು ಮಾಡಿದ. ನಾನು ಇಟ್ಟಿಗೆ ಕೊಡುತ್ತಾ ಕೂತೆ.

ಇಟ್ಟಿಗೆ ಇಡುತ್ತಾ ಅವನು ಮಾತಾಡತೊಡಗಿದ. ಹೆಂಡತಿಯ ಸುದ್ದಿ, ಮನೆಯ ಸುದ್ದಿ, ಆಮೇಲೆ ನನ್ನದೇ ಸುದ್ದಿ. “ನಿಮಗೆ ಹೆದರಿಕೊಂಡೇ ಕೆಲಸ ಕಲ್ತೆ ಭಾವ. ಒಂದು ದಿನ ‘ಪರವಾಗಿಲ್ಲ ಕಣೋ’ ಅಂತೀರೇನೋ ಅಂತ ಕಾಯ್ತಿದ್ದೆ. ಆ ಗೋಡೆಗಾದ್ರೂ ಅಂತೀರಿ ಅಂದ್ಕೊಂಡಿದ್ದೆ.”

ಟ್ಯಾಬ್ ತೆಗೆದು ಆ ಫೋಟೋ ತೋರಿಸಿದೆ. ಸರಿ ಗುರುತಿನ ಮೇಲೆ ಬೆರಳಿಟ್ಟು, ಎದೆ ಮುಟ್ಟಿಕೊಂಡು, ಅವನ ಬೆನ್ನು ತಟ್ಟಿದೆ. ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಇಟ್ಟಿಗೆ ಗುಡ್ಡೆ ನೋಡಿದ. “ಅಂದ್ರೆ... ಚೆನ್ನಾಗಿತ್ತಾ?” ತಲೆ ಆಡಿಸಿದೆ. “ಅಯ್ಯೋ ನಿಮ್ಮ ಹೊಗಳಿಕೆಗಿಷ್ಟು ಬೆಂಕಿ ಹಾಕ!” ಅಂದವನು ನಗಲು ಶುರು ಮಾಡಿದ, ನಿಲ್ಲಿಸಲೇ ಇಲ್ಲ. ಗುಂಪಿನವರೂ ನಕ್ಕರು. ನಗುವುದಕ್ಕೂ ಡಾಕ್ಟರ ಅಪ್ಪಣೆ ಬೇಕೋ ಏನೋ, ನಾನು ಬಾಯಿ ಮುಚ್ಚಿ ಹೊಟ್ಟೆಯಲ್ಲೇ ನಕ್ಕೆ.

ಹೊಸ ಗೋಡೆ ಹಳೆಯದರಷ್ಟು ಚೆನ್ನಾಗಿ ಬಂದಿಲ್ಲ. ಇಬ್ಬರಿಗೂ ಗೊತ್ತು. ಪರವಾಗಿಲ್ಲ.

ಭಾನುವಾರ, ಮಾರ್ಚ್ ೨೩

ಇಂಜಿನಿಯರಮ್ಮ ಟ್ಯಾಬಿನಲ್ಲಿ ಹೊಸ ಗುರುತು ಸೇರಿಸಿದ್ದಾರೆ. ಸರಿ ಗುರುತು ಇನ್ನು ಈ ಸೈಟಿನಲ್ಲಿ ಬೇಡ ಅಂತ ಎಲ್ಲರೂ ಒಮ್ಮತಕ್ಕೆ ಬಂದರು. ಒಡೆಯುವುದಕ್ಕೆ ಸುತ್ತಿಗೆ ಚಿತ್ರ. ಚೆನ್ನಾಗಿದೆ ಅನ್ನುವುದಕ್ಕೆ ಏನು? ಹೂವು ಅಂದರು, ನಕ್ಷತ್ರ ಅಂದರು. ಭಾಮೈದ “ಮೀಸೆ ಹಾಕಿ ಮೇಡಂ, ಭಾವನ ಮೀಸೆ. ಅದು ಸುಮ್‌ಸುಮ್ನೆ ಯಾರಿಗೂ ಸಿಗಲ್ಲ” ಅಂದ. ಈಗ ಒಂದೊಂದು ಗುಂಪೂ ತನಗೆಷ್ಟು ಮೀಸೆ ಬಂತು ಅಂತ ಸಂಜೆ ಹೋಲಿಸಿಕೊಳ್ಳುತ್ತದೆ. ಕೆಳಗಿನ ಮಹಡಿಯ ಬಣ್ಣದವನಿಗೆ ಒಂದೂ ಬಂದಿಲ್ಲ. ಕೊಡುವುದಿಲ್ಲ, ಅವನು ಮೂಲೆ ಬಿಡುತ್ತಾನೆ.

ಮನೆಯಲ್ಲಿ ಇನ್ನೊಂದು ಸುದ್ದಿ. ಇವಳು ಇತ್ತೀಚೆಗೆ ಊಟದ ಹೊತ್ತಿಗೆ ಮಾತಾಡುತ್ತಾಳೆ. ಇಷ್ಟೊಂದು ಮಾತು ಎಲ್ಲಿಟ್ಟಿದ್ದಳೋ. ಇವತ್ತು ಸಾಮಾನು ತರುವ ಮಾತು ಬಂದಾಗ “ನಾನೇ ಸ್ಕೂಟರಲ್ಲಿ ಹೋಗಿ ತರ್ತೀನಿ” ಅಂದಳು. ನಾನು ಅನ್ನ ಕಲೆಸುವುದನ್ನು ನಿಲ್ಲಿಸಿದೆ.

“ಹೋದ ವರ್ಷವೇ ಕಲ್ತೆ ಕಣ್ರೀ, ನನ್ನ ತಮ್ಮನ ಗಾಡೀಲಿ. ನಿಮಗೆ ಹೇಳೋಣ ಅಂತ ಬಂದಿದ್ದೆ. ನೀವು ಸಿಮೆಂಟ್ ಬಗ್ಗೆ ಹೇಳ್ತಿದ್ರಿ. ಮುಗೀಲಿ ಅಂತ ಕಾದೆ. ಆಮೇಲೆ ಮರ್ತುಹೋಯ್ತು.”

ಸಿಮೆಂಟಿನ ಬಗ್ಗೆ ವರ್ಷಗಟ್ಟಲೆ ಹೇಳುವಂಥದ್ದು ಏನಿದೆಯೋ ನನಗೂ ನೆನಪಾಗಲಿಲ್ಲ. ಸಂಜೆ ಹಿಂದೆ ಕೂರಿಸಿಕೊಂಡು ಪೇಟೆಗೆ ಕರೆದುಕೊಂಡು ಹೋದಳು. ತಿರುವಿನಲ್ಲಿ ಬ್ರೇಕ್ ಹಿಡಿಯೇ ಅಂತ ಕಿರುಚಬೇಕೆನಿಸಿತು, ಅವಳ ಭುಜ ಹಿಡಿದುಕೊಂಡು ಸುಮ್ಮನೆ ಕೂತೆ. ಅವಳು ತಾನಾಗಿಯೇ ಹಿಡಿದಳು.

ಶನಿವಾರ, ಏಪ್ರಿಲ್ ೫

ತಾರಸಿಗೆ ಕಾಂಕ್ರೀಟು ಬಿತ್ತು. ದಣಿದಿದ್ದೇನೆ, ಆದರೂ ಬರೆಯದೆ ಮಲಗಲಾರೆ.

ಬೆಳಗಾಗುತ್ತಲೇ ಕಾಂಕ್ರೀಟಿನ ಲಾರಿಗಳು ಸಾಲಾಗಿ ಬಂದವು. ಒಮ್ಮೆ ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಾನು ಮೂಲೆಯಲ್ಲಿ ನಿಂತು ಟ್ಯಾಬಿನಿಂದ ಒಬ್ಬೊಬ್ಬರಿಗೂ ಹೇಳುತ್ತಿದ್ದೆ: ಪೈಪು ಈ ಕಡೆ ತಿರುಗಿಸು, ಇಲ್ಲಿ ಹದ ಮಾಡು, ಅಲ್ಲಿ ತೆಳುವಾಯಿತು. ಟಿಂಗ್ ಟಿಂಗ್ ಅನ್ನುತ್ತಾ ಮಧ್ಯಾಹ್ನದವರೆಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಡೆಯಿತು. ಇಂಜಿನಿಯರಮ್ಮ ಪರದೆಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದಿದ್ದರು, ಮದುವೆ ಗಂಡಿಗೆ ಹಿಡಿದ ಹಾಗೆ.

ಕೊಡೆ ಹಿಡಿದರೂ ಟ್ಯಾಬ್ ಕಾದು ಕಾದು ಕಪ್ಪಾಯಿತು. ಏನು ಒತ್ತಿದರೂ ಇಲ್ಲ. ಅದೇ ಹೊತ್ತಿಗೆ ಆ ತುದಿಯಲ್ಲಿ ಕಾಂಕ್ರೀಟು ಒಂದೇ ಕಡೆ ಗುಡ್ಡೆಯಾಗುತ್ತಿತ್ತು. ಕೆಳಗೆ ಆಸರೆ ಕೊಟ್ಟ ಸೆಂಟ್ರಿಂಗ್ ಹಲಗೆ ಎಷ್ಟೆಂದು ತಡೆದೀತು? ಪೈಪು ಹಿಡಿದವನಿಗೆ ಬೆನ್ನು ಈ ಕಡೆ. ನನ್ನ ಬಾಯಿ ತಾನಾಗಿಯೇ ತೆರೆಯಿತು. ಎದೆಯಲ್ಲಿ ಉಸಿರು ತುಂಬಿತು. ಒಂದು ಕೂಗು ಸಾಕು, ಗಂಟಲು ಹೋದರೆ ಹೋಗಲಿ ಅಂದುಕೊಂಡೆ.

ಕೂಗುವ ಮೊದಲೇ ಭಾಮೈದ ಅತ್ತ ಓಡಿ ಪೈಪು ತಿರುಗಿಸಿದ. ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು. ಆಮೇಲೆ ಗಮನಿಸಿದೆ, ಅವನೊಬ್ಬನೇ ಅಲ್ಲ. ಕಂಬಿಯವನು, ಗುದ್ದಲಿಯವರು, ಎಲ್ಲರೂ ಕೆಲಸದ ನಡುನಡುವೆ ನನ್ನತ್ತ ಒಂದು ಸಲ ನೋಡುತ್ತಾರೆ. ಮೊದಲೆಲ್ಲ ಯಾರೂ ನೋಡುತ್ತಿರಲಿಲ್ಲ, ಕಿವಿ ಇದ್ದರೆ ಸಾಕಿತ್ತು. ಉಳಿದ ತಾರಸಿಯನ್ನು ಕೈಸನ್ನೆಯಲ್ಲೇ ಮುಗಿಸಿದೆವು. ಟ್ಯಾಬು ಕೊಡೆಯ ಕೆಳಗೆ ಮಲಗಿತ್ತು.

ಸಂಜೆ ಟ್ಯಾಬು ತಣ್ಣಗಾಗಿ ಎಚ್ಚರವಾದ ಮೇಲೆ ಎಲ್ಲರಿಗೂ ಮೀಸೆ ಕಳಿಸಿದೆ. ಬಣ್ಣದವನಿಗೂ. ಅವನಿಗೆ ತಾರಸಿಯಲ್ಲಿ ಕೆಲಸವೇ ಇರಲಿಲ್ಲ, ಆದರೂ ಬಂದು ನೀರು ಕೊಡುತ್ತಿದ್ದ.

ಮಂಗಳವಾರ, ಏಪ್ರಿಲ್ ೧೫

ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, “ಗಂಟು ಕರಗಿದೆ, ಮಾತಾಡಿ” ಅಂದರು. ಏನು ಮಾತಾಡಲಿ? “ಸರಿ” ಅಂದೆ. ಅದು ನನ್ನ ದನಿಯಲ್ಲ. ತೆಳ್ಳಗೆ, ಪಕ್ಕದ ಕೋಣೆಯಿಂದ ಯಾರೋ ಅಂದ ಹಾಗಿತ್ತು.

ಇಷ್ಟೇ ದನಿಯಂತೆ. ಮಾತಾಡಬಹುದು, ಕೂಗುವಂತಿಲ್ಲ. ಇನ್ನು ಯಾವತ್ತೂ ಇಲ್ಲ.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕೂತೆ. ತಾರಸಿಯವರೆಗೆ ಹೇಗೋ ದೂಡಿದ್ದಾಯಿತು, ವಾಸಿಯಾದ ಮೇಲೆ ಹಳೆಯ ಗಂಟಲು ಬಂದೇ ಬರುತ್ತದೆ ಎಂದುಕೊಂಡಿದ್ದೆ. ಮುಂದಿನ ಕಟ್ಟಡ ಇದಕ್ಕಿಂತ ದೊಡ್ಡದು. ನಾಳೆ ತೀರ್ಮಾನ. ಆಚೆ ಸೈಟಿನ ಮೇಸ್ತ್ರಿಯನ್ನೂ ಬರಹೇಳಿದ್ದಾರಂತೆ. ಇವಳಿಗೆ “ಮುಗೀತು ಕಣೇ” ಅಂದೆ. ಅವಳು ಸ್ಕೂಟರ್ ಶುರು ಮಾಡುತ್ತಾ, “ಏನು ಮುಗೀತು? ಈ ದನಿ ನಂಗೆ ಇಷ್ಟ ಆಯ್ತು. ಹತ್ರ ಬಂದು ಕೇಳ್ಬೇಕು” ಅಂದಳು. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. ನಾನೂ ಒಂದೆರಡು ಮಾತಾಡಿದೆ.

ಬುಧವಾರ, ಏಪ್ರಿಲ್ ೧೬

ಬೆಳಿಗ್ಗೆ ಆಚೆ ಸೈಟಿನ ಮೇಸ್ತ್ರಿ ಬಂದಿದ್ದ. ಕಾಲು ಮುಟ್ಟಿ ನಮಸ್ಕರಿಸಿದ, ಒಳ್ಳೆಯ ಹುಡುಗನೇ. ಕಂಪನಿಯ ದೊಡ್ಡವರೊಬ್ಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೇಲಿನ ಮಹಡಿಯ ಗೋಡೆಗಳಿಗೆ ಗಿಲಾವಿನ ಕೆಲಸ, ಅಂಗಳದಲ್ಲಿ ಗಾರೆ ಕಲೆಸುವ ಮಿಕ್ಸರು ಗಡಗಡ ಅನ್ನುತ್ತಿತ್ತು. “ಇವತ್ತಿನ ಕೆಲಸ ಹೇಳಿ ಮೇಸ್ತ್ರಿ, ಕೇಳೋಣ” ಅಂದರು ದೊಡ್ಡವರು. ಟ್ಯಾಬ್ ತೆಗೆಯಲು ಹೋದೆ. “ಅದು ಬೇಡ, ಬಾಯಲ್ಲೇ ಹೇಳಿ. ನಿಮ್ಮ ದನಿ ಎಷ್ಟು ಮಟ್ಟಿಗೆ ಬಂದಿದೆ ನೋಡ್ಬೇಕು.”

ಎದ್ದು ನಿಂತೆ. “ಕೇಳ್ರಪ್ಪ” ಅಂದೆ. ನನಗೇ ಕೇಳಿಸಲಿಲ್ಲ. ಮಿಕ್ಸರಿನ ಸದ್ದು ಅದನ್ನು ನುಂಗಿಹಾಕಿತು. ಆಚೆ ಸೈಟಿನ ಮೇಸ್ತ್ರಿ ನನ್ನ ಮೇಲಿನ ಗೌರವಕ್ಕೆ ನೆಲ ನೋಡಿದ. ಆದದ್ದಾಗಲಿ ಅಂತ ಇನ್ನೊಮ್ಮೆ “ಕೇಳ್ರಪ್ಪ” ಅಂದೆ, ಅಷ್ಟೇ ದನಿಯಲ್ಲಿ.

ಭಾಮೈದ ನೋಡಿದ. ಕೈ ಎತ್ತಿದ. ಮಿಕ್ಸರಿನವನು ಗುಂಡಿ ಒತ್ತಿ ಅದನ್ನು ಆರಿಸಿದ.

ಗಡಗಡ ನಿಂತಿತು. ನೀರು ಹೊಡೆಯುವ ಅಕ್ಕ ನಲ್ಲಿ ನಿಲ್ಲಿಸಿದಳು. ಮೇಲಿನ ಮಹಡಿಯವರು ಕಿಟಕಿಗಳಿಗೆ ಬಂದು ನಿಂತರು. ಬಣ್ಣದವನು ಏಣಿಯಿಂದ ಇಳಿದ.

“ಇದೇನ್ರೀ, ಕೆಲಸ ನಿಲ್ಲಿಸಿಬಿಟ್ರಲ್ಲ?” ಅಂದರು ದೊಡ್ಡವರು.

“ನಿಲ್ಲಿಸಿಲ್ಲ ಸರ್,” ಇಂಜಿನಿಯರಮ್ಮ ಅಂದರು, “ಕೇಳಿಸ್ಕೊಳ್ತಿದ್ದಾರೆ.”

ಮುಂದಿನ ಕಟ್ಟಡ ನನಗೇ ಅಂತ ದೊಡ್ಡವರು ಆಮೇಲೆ ಹೇಳಿದರು. ಸಂತೋಷವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಮನೆಗೆ ಬರುತ್ತಾ ನಾನು ಯೋಚಿಸಿದ್ದು ಅದನ್ನಲ್ಲ. ಮೂವತ್ತು ವರ್ಷ ಆ ಮಿಕ್ಸರಿನ ಸದ್ದನ್ನು ಮೀರಿಸಿ ಕೂಗಿದ್ದೇನೆ. ಅದನ್ನು ಆರಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.